ಉರುಫ್

ಸ್ವಾಮಿ ಆಂಬ್ರೋಸರೇ, ನಿಮ್ಮ ಅಕ್ಷರ
ಕಾಗೆಕಾಲು ಗುಬ್ಬಿಕಾಲು.
ಮೂರು ಚಳಿಗಾಲದಿಂದ ಅದರ ಮುಂದೆ ಕೂತಿದ್ದೇನೆ,
ಮಿಸಿಸಿಪ್ಪಿ ದಂಡೆಯ ಈ ಲೈಬ್ರರಿಯ ನೆಲಮಾಳಿಗೆಯಲ್ಲಿ
ಮೈಕ್ರೋಫಿಲ್ಮಿನ ಹಿಡಿ ತಿರುವುತ್ತ.
ಸರಕುದೋಣಿಗಳ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ
ಸೌಟು ತಿರುವಿದ ಕೈ ಇದು, ಅಭ್ಯಾಸವಿದೆ.

ತಮ್ಮ ಆರ್ಮೆಲ್‌ಗೆ ಬೇಕಾದದ್ದು ಒಬ್ಬ ಜಹಗೀರುದಾರ,
ಒಂದು ಕೋಟೆ, ಲಾಂಛನದಲ್ಲೊಂದು ಸಿಂಹ.
'ನಮ್ಮದು ಫ್ರಾನ್ಸಿನ ರಕ್ತ ಅಕ್ಕಾ, ಹುಡುಕು' ಎಂದ.
ಹುಡುಕುವವಳು ನಾನು.
ಅವನು ಆಗಲೇ ಚೌಕಟ್ಟು ಮಾಡಿಸಿ ಮೊಳೆ ಹೊಡೆದಿದ್ದ.

ಸಿಕ್ಕಿದ್ದು ಇಷ್ಟು.
೧೭೪೬, ತಪಸ್ಸುಕಾಲದ ಎರಡನೇ ವಾರ, ಯಾರದೋ ಮದುವೆಗೆ ಸಾಕ್ಷಿ:
ಉರ್ಬೇನ್ ಗಾಲಾರ್ ಉರುಫ್ ಲಾ ತುಲಿಪ್,
ಸಿಪಾಯಿ, ಸಹಿ ಬಾರದು, ಶಿಲುಬೆ ಗೀಚಿದ್ದಾನೆ.
ಮುಂದಿನ ಹಾಳೆಯಲ್ಲಿ ಗಾಲಾರ್ಡ್.
ಅದರ ಮುಂದೆ ಗೊಲಾರ್.
ಆಮೇಲೆ ಮನೆತನದ ಹೆಸರೇ ಉದುರಿ ಬರೀ ಲಾ ತುಲಿಪ್,
ಪಾಳೆಯದಲ್ಲಿ ಯಾರೋ ಕುಡಿದು ಇಟ್ಟ ಹೂವಿನ ಹೆಸರು.
ನಮ್ಮ ಅಂಚೆಡಬ್ಬಿಯ ಮೇಲೆ ಇವತ್ತಿಗೂ ಅದೇ, ಟುಲಿಪ್,
ಇಂಗ್ಲಿಷರ ಬಾಯಿಗೆ ಸಿಕ್ಕಿ ತಲೆ ಕಳೆದುಕೊಂಡದ್ದು.
ಅಪ್ಪನನ್ನು ಶಾಲೆಯಲ್ಲಿ ಹುಡುಗರು ಮೂಸುತ್ತಿದ್ದರಂತೆ.

ಜನವರಿಯ ಪುಟಗಳಲ್ಲಿ ನಿಮ್ಮ ಶಾಯಿ ತೆಳು.
ಹೆಪ್ಪುಗಟ್ಟಿರಬೇಕು ದೌತಿಯಲ್ಲಿ,
ಬಾಯಿಂದ ಊದಿ ಊದಿ ಕರಗಿಸಿಕೊಂಡಿರಬೇಕು.
ಒಂದೇ ದಿನ ಜ್ಞಾನಸ್ನಾನ, ಅದೇ ದಿನ ಸಮಾಧಿ, ಅದೇ ಮಗು.
ಅಂಥ ಕಡೆ ಎರಡು ಸಾಲಿನ ನಡುವೆ
ನೀವು ಬೆರಳಗಲ ಜಾಗ ಬಿಡುತ್ತೀರಿ.
ಗಮನಿಸಿದ್ದೇನೆ.

ಆದರೆ ೧೭೪೯, ಅಕ್ಟೋಬರ್?
ಗಂಡುಮಗು, ಉರ್ಬೇನ್.
ತಾಯಿ, ಬರೀ ಮರೀ, ಮೂಲನಿವಾಸಿ ತೊತ್ತು,
ಗಿರಣಿ ಯಜಮಾನನಿಗೆ ಸೇರಿದವಳು, ವಯಸ್ಸು ಸುಮಾರು ಹದಿನಾರು.
ಜ್ಞಾನತಂದೆ, ಲಾ ತುಲಿಪ್.
ತಂದೆ, ಎಂದು ಬರೆದಿದ್ದೀರಿ,
ಆಮೇಲೆ ಏನೂ ಇಲ್ಲ. ಒಂದು ಮಸಿಚುಕ್ಕೆ.
ಲೇಖನಿ ಅಲ್ಲಿ ಊರಿ ನಿಂತಿದೆ.
ಎಷ್ಟು ಹೊತ್ತು, ಸ್ವಾಮಿ?
ಎದುರಿಗೆ ಟೋಪಿ ಹಿಚುಕುತ್ತ ನಿಂತಿದ್ದವನ ಕಡೆ ನೋಡಿದಿರಾ?

ಇಪ್ಪತ್ತು ವರ್ಷದ ಮೇಲೆ ಆ ಹುಡುಗನ ಮದುವೆ.
ಉರ್ಬೇನ್ ಲಾ ತುಲಿಪ್. ಉರುಫ್ ಇಲ್ಲ, ಗಾಲಾರ್ ಇಲ್ಲ.
ಅಲ್ಲಿಂದ ನನ್ನ ತನಕ ದಾರ ಎಲ್ಲೂ ಕಡಿದಿಲ್ಲ,
ಎಣಿಸಿದ್ದೇನೆ, ಏಳು ಗಂಟು.

ಅವಳ ಸಾವನ್ನೂ ನೀವೇ ಬರೆದಿರಿ:
ಮರೀ, ಬಡಗಣ ಬೇಲಿಯ ಹತ್ತಿರ, ಜ್ವರ.
ನೀರು ಹೊಯ್ದು ಆ ಹೆಸರಿಡುವ ಮೊದಲು
ಅವಳಿಗೊಂದು ಹೆಸರಿದ್ದೀತು.
ಕೇಳಿದಿರಾ? ಹೇಳಿದಳಾ?
ನಿಮ್ಮ ಇಪ್ಪತ್ತಾರು ಅಕ್ಷರದಲ್ಲಿ ಹಿಡಿಯದ ಸದ್ದೇನಾದರೂ
ಆ ಗಂಟಲಲ್ಲಿ ಬಂದು,
ಹೋಗಲಿ ಎಂದು ಕೈಬಿಟ್ಟಿರಾ?
ಒಬ್ಬ ಸಿಪಾಯಿಯನ್ನು ನಾಲ್ಕು ಥರ ಬರೆದ ಮನುಷ್ಯ,
ಅವಳನ್ನು ಒಂದು ಥರ ತಪ್ಪಾಗಿಯಾದರೂ ಬರೆಯಬಹುದಿತ್ತು.

ಆರ್ಮೆಲ್‌ಗೆ ಫೋನಿನಲ್ಲಿ ಹೇಳಿದೆ.
ಅವನು ಬಹಳ ಹೊತ್ತು ಸುಮ್ಮನಿದ್ದು
'ಆ ಗಿರಣಿ ಎಲ್ಲಿತ್ತು' ಅಂತ ಮಾತ್ರ ಕೇಳಿದ.
ಹೊಳೆ ತಿಂದಿದೆ ಅದನ್ನು, ಬೇಲಿಯನ್ನೂ.

ಇವತ್ತು ಸುರುಳಿಯ ಕೊನೆ.
ನಿಮ್ಮ ಸಾವು, ಬೇರೆ ಯಾರದೋ ದುಂಡು ಅಕ್ಷರದಲ್ಲಿ.
ಯಾರೋ ಎಳೆಯ ಪಾದ್ರಿ, ಊರಿಗೆ ಹೊಸಬ,
ಅವಸರದಲ್ಲಿ ಬರೆದಿದ್ದಾನೆ:
ಫಾದರ್ ಆಂಬ್ರೋಯ್ಜ, ಈ ಧರ್ಮಕೇಂದ್ರದ ಗುರು,
ಎಲ್ಲಿಯವರೋ ತಿಳಿಯದು.

ನಗು ಬಂತು ಮೊದಲು.
ಆಮೇಲೆ ನನ್ನ ನೋಟ್‌ಬುಕ್ಕಿನಲ್ಲಿ, ಪೆನ್ಸಿಲಿನಲ್ಲಿ,
ಸರಿಯಾಗಿ ಬರೆದಿಟ್ಟೆ ನಿಮ್ಮನ್ನು.
ಅದರ ಕೆಳಗೆ
ಬೆರಳಗಲ ಜಾಗ ಬಿಟ್ಟೆ.