ಇನ್ನೂ ಮಲಗದವನು

ಮಾಜಾಳಿ ಚೆಕ್‌ಪೋಸ್ಟಿನವನಿಗೆ ನನ್ನ ಮುಖ ಪರಿಚಯ.
ಆದರೂ ಟಾರ್ಚು ಬಿಟ್ಟು ಡಿಕ್ಕಿ ತೆಗೆಸುತ್ತಾನೆ.
ಗೋವೆಯ ಬಾಟಲಿ ಇಲ್ಲ, ಬರೀ ವಯರು,
ಸಿಂಬಿ ಸುತ್ತಿ ಮಲಗಿದ ವಯರು.
"ಎಷ್ಟು ಜನ ಕುಣಿದ್ರು ಇವತ್ತು?"
ಜನ ಎಣಿಸುವುದಿಲ್ಲ ಸಾಹೇಬ್ರೆ,
ನಾನು ಎಣಿಸುವುದು ಬೀಟು,
ನಿಮಿಷಕ್ಕೆ ನೂರಿಪ್ಪತ್ತೆಂಟು.
ಮನೆಗೆ ಹೋಗಿ ಅಂಗಾತ ಬಿದ್ದರೂ
ಎದೆ ಅದೇ ಲೆಕ್ಕ ಒಪ್ಪಿಸುತ್ತದೆ.

ಕಾಳಿ ದಾಟುವಾಗ ಪಕ್ಕಕ್ಕೆ ನೋಡುತ್ತೇನೆ,
ಹಳೆ ಸೇತುವೆ ಇದ್ದ ಜಾಗ.
ನಲವತ್ತು ವರ್ಷ ಲಾರಿ ಹೊತ್ತು ಹೊತ್ತು
ಒಂದು ನಡುರಾತ್ರಿ ನೀರಿಗೆ ಕೂತುಬಿಟ್ಟಿತು.
ಅದನ್ನು ಯಾರೂ ಸೋಮಾರಿ ಎನ್ನಲಿಲ್ಲ.

ಕೋಡಿಬಾಗದ ತಿರುವಿನಲ್ಲಿ ಶೇವಂತಿಬಾಯಿ,
ಬುಟ್ಟಿ ಕಂಕುಳಲ್ಲಿ, ಬೈತಖೋಲದ ರಿಕ್ಷಾ ಕಾಯುತ್ತ.
"ಬೇಗ ಎದ್ದಿಯಲ್ಲ ಪೋರಾ," ಎಂದಳು ಮೊದಲ ದಿನ.
ಎರಡನೇ ದಿನ ಸುಮ್ಮನೆ ನೋಡಿದಳು.
ಮೂರನೇ ದಿನ:
"ನೀನು ಎದ್ದವನಲ್ಲ. ಇನ್ನೂ ಮಲಗದವನು."

ಹೆಡ್‌ಫೋನಿನ ಒಂದು ಕಿವಿ ಮುಂದಿನ ಹಾಡಿಗೆ,
ಒಂದು ಕಿವಿ ಜನಕ್ಕೆ.
ನನ್ನನ್ನು ಕೇಳಲು ಮೂರನೆಯದು ಇರಲಿಲ್ಲ.
ಸ್ಪೀಕರು ಬಂದಾದ ಮೇಲೆ ತಲೆಯೊಳಗೆ ಒಂದೇ ಸಮ
ಕೀ—
ಯಾವ ಫೇಡರೂ ಇಳಿಸಲಾರದ್ದು.
ಮೊಬೈಲಿನಲ್ಲಿ ಮುನ್ನೂರು ಜನ "ಅಣ್ಣ ಬೆಂಕಿ" ಎಂದಿದ್ದಾರೆ.
ಹೌದು, ಸುಡುತ್ತಿದೆ.

ಆಗ್ನೆಲ್ ನನ್ನ ಲೈಟಿನವನು.
ಅಂಕೋಲೆಯ ಒಂದು ಮದುವೆಯಲ್ಲಿ, ಮದುಮಗ ಹೆಗಲ ಮೇಲೇರಿ ಕುಣಿಯುತ್ತಿರುವಾಗ,
ಹೊಗೆಯಂತ್ರದ ಹಿಂದೆ ಕೂತು ಅಳುತ್ತಿದ್ದ.
ಹೊಗೆ ಕಣ್ಣಿಗೆ ಬಿತ್ತು, ಎಂದ.
ಹೌದು ಹೌದು, ಎಂದು ನಾನು ವಾಲ್ಯೂಮು ಏರಿಸಿದೆ.
ಈ ಜನ್ಮದಲ್ಲಿ ನಾನು ಹಾಕಿದ ಅತಿ ಕೆಟ್ಟ ಮಿಕ್ಸು ಅದು.

ಎಂಟು ತಿಂಗಳ ಮೇಲೆ ಅವನೇ ಬಂದು
ಬೀಡಿ ಕಟ್ಟಿನ ಕಾಗದದ ಮೇಲೆ ಬರೆದುಕೊಟ್ಟ:
ದೊಡ್ಡಾಸ್ಪತ್ರೆ. ಬಲಗಡೆ ಮೆಟ್ಟಿಲು. ಮಂಗಳವಾರ.
"ಬೂಟು ಬೇಡ, ಚಪ್ಪಲಿ ಹಾಕ್ಕೊಂಡು ಹೋಗು.
ಕ್ಯೂ ಉದ್ದ ಇರ್ತದೆ."
ಅವನು ಹೇಗಿದ್ದಾನೆಂದು ಆಗಲೂ ನಾನು ಕೇಳಲಿಲ್ಲ.
ಚಹಾ ಕುಡಿಸಿದೆ.

ಡಾಕ್ಟರಮ್ಮ ನನಗಿಂತ ಚಿಕ್ಕವಳು.
ನಿದ್ದೆ ಎಷ್ಟು?
ಯಾವುದು, ಹಗಲಿನದ್ದೋ ರಾತ್ರಿಯದ್ದೋ?
ಅವಳು ಬರೆಯುವುದು ನಿಲ್ಲಿಸಿದಳು.
ನಾನು ಸಾವಿರ ಜನರೆದುರು ನಿಂತವನು,
ಒಬ್ಬಳು ಪೆನ್ನು ಕೆಳಗಿಟ್ಟದ್ದಕ್ಕೆ
ಬೆವರಿದೆ.

ಜೂನು ಬಂತು. ಬೈತಖೋಲದಲ್ಲಿ ಬೋಟುಗಳು
ಒಂದರ ಪಕ್ಕೆಗೆ ಒಂದು ಆತು ನಿಂತಿವೆ.
ಸರಕಾರವೇ ಸಮುದ್ರಕ್ಕೆ ಅರವತ್ತೊಂದು ದಿನ ರಜೆ ಕೊಡುತ್ತದೆ,
ಮೀನು ಮೊಟ್ಟೆಯಿಡಲಿ ಎಂದು.
ನನ್ನೊಳಗೂ ಏನೋ ಮೊಟ್ಟೆಯಿಡಲು ಜಾಗ ಹುಡುಕುತ್ತಿತ್ತೇನೋ,
ಹನ್ನೊಂದು ವರ್ಷ
ಅದರ ಮೇಲೆಯೇ ಟ್ರಾಲರು ಓಡಿಸಿದೆ.

ಕುಮಟೆಯಿಂದ ಫೋನು: ಹುಟ್ಟುಹಬ್ಬ,
ದೊಡ್ಡ ಪಾರ್ಟಿ, ಕೇಳಿದಷ್ಟು.
ಆಗುವುದಿಲ್ಲ, ಎಂದೆ.
ಆರಾಮಿಲ್ವಾ? ಎಂದರು.
ಆರಾಮಾಗಲಿಕ್ಕೇ, ಎಂದೆ.
ಫೋನಿಟ್ಟ ಮೇಲೆ ಕೈ ನಡುಗಿತು.
ಕಾರಿನ ಕಂತು ಐದನೇ ತಾರೀಕಿಗೆ, ಅದು ರಜೆ ಕೇಳುವುದಿಲ್ಲ.

ಸಂಜೆ ದಕ್ಕೆಯ ಮೇಲೆ
ಶೇವಂತಿಬಾಯಿಯ ಅಳಿಯ ಬಲೆ ಹರಡಿಕೊಂಡು ಕೂತಿದ್ದ.
ಪಕ್ಕದಲ್ಲಿ ಕೂತೆ.
ಕೀ ಇನ್ನೂ ಇದೆ. ಅದರ ಹಿಂದೆ ಸಮುದ್ರ.
ಅಭ್ಯಾಸಬಲದಿಂದ ಎಣಿಸಿದೆ:
ಒಂದು ಅಲೆ, ಇನ್ನೊಂದು,
ಮೂರನೆಯದು ತಡವಾಯಿತು.
ತಪ್ಪಿದ ತಾಳ ಸರಿಪಡಿಸಲು ಗಾಳಿಯಲ್ಲಿ ಕೈ ಎದ್ದಿತು.
ಆ ಕೈಗೆ ಶೇವಂತಿಬಾಯಿ
ಬಲೆಯ ಸೂಜಿ ಕೊಟ್ಟಳು.
"ಸುಮ್ಮನೆ ಕೂರಬೇಡ. ಇಲ್ಲಿ ಹರಿದಿದೆ ನೋಡು."

ನಾಲ್ಕು ಗಂಟು ಹಾಕಿದೆ. ಮೂರನ್ನು ಅವಳು ಬಿಚ್ಚಿದಳು.

ನಾಳೆ ಮಂಗಳವಾರ.
ಆಗ್ನೆಲನಿಗೆ ಫೋನು ಮಾಡಬೇಕು,
ಹೇಗಿದ್ದೀಯೋ ಎಂದು.
ಚಪ್ಪಲಿ ಬಾಗಿಲ ಬಳಿಯೇ ಇಟ್ಟಿದ್ದೇನೆ.