ಗೀರು

ಮೇ ತಿಂಗಳ ಕೊನೆಗೆ ಮಾಜಾಳಿ ದಾಟಿ ಒಂದರ ಹಿಂದೊಂದು
ಹನ್ನೊಂದು ಕಾರು ಬಂದವು, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು.
ನಾಯಿಗಳು ಬೊಗಳುವುದನ್ನು ಮರೆತವು.
ಬೈತಖೋಲದ ತಿರುವಿನಲ್ಲಿ ಹತ್ತು ಮುಂದೆ ಹೋದವು.
ಒಂದು ನಿಂತಿತು, ನನ್ನ ಬಣ್ಣದ ಡಬ್ಬಿಗಳ ಎದುರಿಗೆ.

ನಾನು ಬೋಟಿಗೆ ನಂಬರು ಬರೆಯುವವ.
ಕೆಎ, ಎಂಎಂ, ಆಮೇಲೆ ನಾಲ್ಕಂಕಿ;
ಮೂತಿಯ ಎಡಕ್ಕೊಮ್ಮೆ, ಬಲಕ್ಕೊಮ್ಮೆ.
ಹೆಸರು ಬರೆದರೆ ಇನ್ನೂರು ಹೆಚ್ಚು,
ದೇವರ ಹೆಸರಾದರೆ ಚೌಕಾಸಿ.

ಇಳಿದವರು ಪುಣೆಯ ಇನಾಮದಾರರು,
ಮಂಡಿ ಹಿಡಿದುಕೊಂಡು, ಬಾವಿಯಿಂದ ಏಳುವವರ ಹಾಗೆ.
ಬಾಗಿಲ ಮೇಲೆ ಬಿಳಿ ವೃತ್ತ, ಒಳಗೆ ಕಪ್ಪು ಮೂವತ್ತೆರಡು.
ಬೆಳಿಗ್ಗೆ ಸದಾಶಿವಗಡದ ಹತ್ತಿರ ಮೀನಿನ ಟೆಂಪೋ ಒಂದು
ಎರಡರ ಬಾಲವನ್ನು ಒರಸಿಕೊಂಡು ಹೋಗಿತ್ತಂತೆ.

ಬಟ್ಟೆ ಅದ್ದಿ ಬಾಗಿದೆ. ಗೀರು ಒಂದಲ್ಲ, ಏಳೆಂಟು.
ವೃತ್ತದ ಅಂಚು ಸವೆದಿತ್ತು, ಮೂರರ ಹೊಟ್ಟೆ ಸುಲಿದಿತ್ತು,
ಕೆಳಗೆ ಕೆಸರು ಸಿಡಿದ ಹಾಗೆ ಕಂದು ಚುಕ್ಕಿ.
ಒರೆಸಿದೆ. ಹೋಗಲಿಲ್ಲ. ಉಗುರಿನಿಂದ ಕೆರೆಯಹೋದೆ.

‘ಏ, ಏ! ಅದನ್ನು ಮುಟ್ಟಬೇಡ.
ಅದು ಕಂಪನಿಯವರೇ ಹಾಕಿದ ಗೀರು.’

ಆಮೇಲೆ ಮರಾಠಿಯಲ್ಲಿ, ಮಗುವಿಗೆ ಹೇಳುವಷ್ಟು ನಿಧಾನ:
ಅರವತ್ತು ವರ್ಷದ ಹಿಂದೆ ಯಾವುದೋ ಬೆಟ್ಟದ ದಾರಿಯಲ್ಲಿ
ಮಳೆಯ ರಾತ್ರಿ ಓಡಿ ಗೆದ್ದ ಕಾರಿನ ನಂಬರು ಮೂವತ್ತೆರಡು.
ಅವತ್ತು ಬಂಡೆಗೆ ಎಲ್ಲೆಲ್ಲಿ ತಾಗಿತ್ತೋ, ಕೆಸರು ಎಲ್ಲಿ ಹಾರಿತ್ತೋ
ಹಳೆ ಫೋಟೋ ನೋಡಿ ಅಳೆದು, ಕುಂಚದಲ್ಲಿ ಬರೆದು
ಮೇಲೆ ಗಾಜಿನಂಥ ವಾರ್ನಿಶ್ ಎಳೆದಿದ್ದಾರೆ.
ಲೋಕಕ್ಕೆಲ್ಲ ತೊಂಬತ್ತೊಂದೇ. ಇದು ನಲವತ್ತನೆಯದು,
ಒಳಗೆ ತಗಡಿನಲ್ಲಿ ಕೊರೆದಿದೆ, ನೋಡು.
ನೋಡಿದೆ. ತೊಂಬತ್ತೊಂದಕ್ಕೂ ಗೀರು ಅಲ್ಲಲ್ಲೇ, ಅಷ್ಟಷ್ಟೇ ಉದ್ದವೇ?
ಹೌದೆಂದರು, ಹೆಮ್ಮೆಯಿಂದ.

ಓಡಿಸಿದವ ಯಾರು, ಎಂದೆ.
ಹೆಸರು ನೆನಪಾಗದೆ ಫೋನು ತೆಗೆದರು.
ಸಿಗ್ನಲ್ ಇರಲಿಲ್ಲ.

ಬೆಳಗಿನ ಗೀರು ಅಳಿಸಬೇಕು, ಅರವತ್ತು ವರ್ಷದ್ದು ಉಳಿಯಬೇಕು.
ಕಿರುಬೆರಳು ಊರಿ, ಉಸಿರು ಹಿಡಿದು
ಎರಡರ ಬಾಲ ತಿದ್ದಿದೆ. ಬಿಸಿಲಿಗೆ ಎನಾಮೆಲ್ ಬೇಗ ಕಟ್ಟಿತು.
ಎರಡು ಸಾವಿರದ ಮೇಲೇ ಇತ್ತು, ಎಣಿಸದೆ ಕೊಟ್ಟರು.
ಹೊರಟ ಸದ್ದಿಗೆ ಜೆಟ್ಟಿಯ ಕಾಗೆ, ಹದ್ದು ಎಲ್ಲ ಎದ್ದು
ಮತ್ತೆ ಅದೇ ಬುಟ್ಟಿಗಳ ಮೇಲೆ ಕೂತವು.

ಜುಲೈ. ಬೋಟುಗಳೆಲ್ಲ ದಡದಲ್ಲಿ, ತಾಡಪಾಲಿನ ಕೆಳಗೆ.
ಆಗಸ್ಟ್ ಒಂದಕ್ಕೆ ಇಳಿಯಬೇಕು.
ಬಬನಿ ತಾಂಡೇಲನ ಬೋಟು ಕೆರೆಯುತ್ತಿದ್ದೆ.
ಬಲಗಡೆ ಮೂತಿಗೆ, ನಂಬರಿನ ಎಂಟನ್ನು ಸೀಳಿಕೊಂಡು
ಮೊಳದುದ್ದದ ಗೀರು.
ಹೋದ ವರ್ಷ ದೇವಗಡ ದೀಪದ ಹೊರಗೆ, ಗಾಳಿಯಲ್ಲಿ,
ಎಂಜಿನ್ ಕೆಟ್ಟು ತೇಲುತ್ತಿದ್ದ ಮಲ್ಪೆಯ ಬೋಟಿಗೆ
ಹಗ್ಗ ಎಸೆಯಲು ಹತ್ತಿರ ಹೋದಾಗ ಬಿದ್ದದ್ದು.
ಏಳು ಜನ ಬದುಕಿದರು. ಫೋಟೋ ಯಾರೂ ತೆಗೆದಿಲ್ಲ.

ಪುಟ್ಟಿ ಮೆತ್ತಿದೆ. ಅದೇ ಪುಟ್ಟಿಯನ್ನು ಮತ್ತೆ ಕೆರೆದು ತೆಗೆದೆ.
ಸುತ್ತಲೂ ನೀಲಿ ಬಳಿದೆ, ಗೀರಿಗೆ ತಾಗದ ಹಾಗೆ.
ನೀರು ಕುಡಿಯದಿರಲೆಂದು ಎರಡು ಕೈ ವಾರ್ನಿಶ್.
ಎಂಟನ್ನು ಮುರಿದೇ ಬರೆದೆ.

ಬಬನಿ ಬೀಡಿ ಕಚ್ಚಿಕೊಂಡು ಬಂದ.
‘ಎಂತದಾ ಪುರ್ಸೋ, ಕಣ್ಣು ಹೋಯ್ತನಾ ನಿಂಗೆ?
ಇಷ್ಟುದ್ದದ್ದು ಬಿಟ್ಟಿದ್ದೀಯಲ್ಲ!’
ಬಿಟ್ಟದ್ದೇ, ಎಂದೆ.
ಮುಂದಿನ ಮಾತು ಹೊಳೆಯಲಿಲ್ಲ.
ಪುಣೆಯವರ ಬಾಯಿಗಾದರೆ ಬರುತ್ತಿತ್ತು.

ಅವನ ಹೆಬ್ಬೆರಳು ಗೀರಿನ ಉದ್ದಕ್ಕೂ ಹೋಗಿ ಬಂತು.
ಬೀಡಿ ಆರಿತು. ಮತ್ತೆ ಹಚ್ಚಿದ.
‘ಬಂದರು ಆಫೀಸಿನವ ಎಂಟನ್ನು ಮೂರು ಅಂತ ಓದಿದರೆ
ದಂಡ ನೀನೇ ಕಟ್ಟು’ ಎಂದು
ಕೂಲಿಯಲ್ಲಿ ಐವತ್ತು ಮುರಿದುಕೊಂಡು
ಉಳಿದದ್ದು ಕೊಟ್ಟ, ಒಂದೊಂದೇ ನೋಟು ಎಣಿಸಿ.