ಮೂಲೆ

ನನಗೆ ಬಂದದ್ದು ಮೂಲೆ.
ಎಡಗಡೆ, ಬಾಗಿಲ ಪಕ್ಕ, ಚಳಿ ನುಗ್ಗುವ ಕಡೆ
ಮೂರು ಹೆಜ್ಜೆ ಜಾಗ.
ಗೆನೊವಾಯ್ತೆ ಟೀಚರು ಸೀಮೆಸುಣ್ಣದಲ್ಲಿ ಗೀಟೆಳೆದು
"ಇದು ನಿನ್ನ ಜಿಲ್ಲೆ, ಸ್ಕೈಸ್ತೆ" ಅಂದರು.
ನಲವತ್ತು ವರ್ಷ ಭೂಗೋಳ ಕಲಿಸಿದವರು,
ಗಡಿ ಹಾಕದೆ ಏನನ್ನೂ ಹೇಳಲಾರರು.

ಹೋದ ಚಳಿಗಾಲ ಹನ್ನೊಂದು ಪಂದ್ಯ ಸೋತಿದ್ದೆವು.
ಐವರಿಗೂ ಬುಟ್ಟಿಯ ಮೇಲೇ ಕಣ್ಣು,
ಚೆಂಡು ಸಿಕ್ಕವಳಿಗೆ ಉಳಿದ ನಾಲ್ವರು ಕುರುಡುಗತ್ತಲು.
"ಒಂದೇ ಒಲೆಗೆ ಐದು ಜನ ಊದಿದರೆ
ಏಳೋದು ಬೆಂಕಿಯಲ್ಲ, ಬೂದಿ" ಅಂದರು ಟೀಚರು.
ಮೀನಿಗೆ ಹೊಗೆ ಹಾಕುವ ಶೆಡ್ಡಿನ ಹೆಂಗಸರಿಗೆ
ಬಿಡಿಸಿ ಹೇಳಬೇಕಾಗಲಿಲ್ಲ.

ವೈದಿಲೆಗೆ ಬುಟ್ಟಿಯ ಬುಡ.
ದಿನವಿಡೀ ಮಂಜುಗಡ್ಡೆಯ ಕ್ರೇಟು ಎತ್ತುವ ಭುಜ,
ಅವಳನ್ನು ಅಲ್ಲಿಂದ ಸರಿಸಲು ಇಬ್ಬರು ಬೇಕು.
ಔಸ್ತೆಯಾ ನುಗ್ಗಬೇಕು, ಏಟು ತಿನ್ನಬೇಕು, ಬೀಳಬೇಕು,
ಎದ್ದು ಮಂಡಿ ಒರೆಸಿಕೊಂಡು ಫ್ರೀ ಥ್ರೋ ಹಾಕಬೇಕು.
ಉಗ್ನೆಗೆ ನಡುದೂರ.
ಯೊವಿತಾ ಅಂಕ ಗಳಿಸುವುದೇ ಬೇಡ, ಹಂಚಿದರೆ ಸಾಕು;
ಅವಳಿಗೆ ಮೊದಲಿಂದಲೂ ಬೇಕಿದ್ದದ್ದು ಅದೇ ಅಂತೆ,
ಬಾಯಿಬಿಟ್ಟು ಕೇಳಲು ನಾಚಿಕೆಯಂತೆ.

ನಾನೊಬ್ಬಳೇ ಮುಖ ಗಂಟು ಹಾಕಿಕೊಂಡವಳು.
ಮೂಲೆಗುಂಪು ಅನ್ನುವುದು ಇದಕ್ಕೇ ಅಲ್ಲವೆ?

ವಾರಗಟ್ಟಲೆ ನಿಂತೆ. ಮೊಣಕಾಲು ತುಸು ಬಾಗಿಸಿ,
ಕೈ ಎದೆಮಟ್ಟಕ್ಕೆ ಹಿಡಿದು,
ಬಾರದ ಬಸ್ಸಿಗೆ ಕಾಯುವವಳ ಹಾಗೆ.
ಪಂದ್ಯಕ್ಕೆ ಎರಡು ಸಲ, ಹೆಚ್ಚೆಂದರೆ ನಾಲ್ಕು ಸಲ
ಚೆಂಡು ಬರುತ್ತಿತ್ತು. ಬಂದದ್ದನ್ನು ಹಾಕುತ್ತಿದ್ದೆ.

ಆಮೇಲೊಂದು ದಿನ ಕಂಡಿತು:
ನನ್ನ ಜೊತೆ ಇನ್ನೊಬ್ಬಳೂ ಚಳಿಯಲ್ಲಿ ನಿಂತಿದ್ದಾಳೆ.
ಕ್ಲೈಪೆಡಾದ ಹುಡುಗಿ, ಚೂಯಿಂಗ್ ಗಮ್ ಜಗಿಯುತ್ತ
ವೈದಿಲೆಯ ಕಡೆಗೆ ಒಂದು ಹೆಜ್ಜೆ ಇಡುತ್ತಾಳೆ,
ನನ್ನ ನೆನಪಾಗಿ ವಾಪಸು ಬರುತ್ತಾಳೆ.
ಆ ಒಂದು ಹೆಜ್ಜೆಯ ಸಂದಿಯಲ್ಲಿ
ವೈದಿಲೆ, ಅಷ್ಟು ದೊಡ್ಡ ವೈದಿಲೆ, ತಿರುಗಿಬಿಡುತ್ತಾಳೆ.
ಎರಡು ಅಂಕ. ಪುಸ್ತಕದಲ್ಲಿ ಅವಳ ಹೆಸರಿಗೆ.
ನಾನು ಸುಮ್ಮನೆ ನಿಂತದ್ದಕ್ಕೆ
ಪುಸ್ತಕದಲ್ಲಿ ಕಾಲಮ್ಮಿಲ್ಲ.

ಮಾರ್ಚಿನಲ್ಲಿ, ನೆಮುನಾಸ್ ಉಕ್ಕಿ ರಸ್ತೆಗೆ ಬಂದ ವಾರ,
ಆರು ವರ್ಷದ ಮಗಳು ಮೊದಲ ಸಲ ಆಟ ನೋಡಲು ಬಂದಳು.
ಮಧ್ಯಂತರದಲ್ಲಿ ಕೇಳಿದಳು:
"ಅಮ್ಮಾ, ನಿನ್ನನ್ನ ಯಾಕೆ ಯಾರೂ ಆಟಕ್ಕೆ ಸೇರಿಸ್ಕೊಳ್ತಿಲ್ಲ?"

ಅಷ್ಟು ಸಾಕಾಯಿತು. ಗೀಟು ದಾಟಿದೆ.
ಒಳನುಗ್ಗಿ ವೈದಿಲೆಯ ಬೆನ್ನಿಗೆ ಡಿಕ್ಕಿ,
ನನ್ನ ಹಿಂದೆಯೇ ಚೂಯಿಂಗ್ ಗಮ್ಮಿನವಳು;
ಬುಟ್ಟಿಯ ಕೆಳಗೆ ಸಂತೆ.
ಅದೇ ಗಳಿಗೆ ಯೊವಿತಾ,
ನೋಡದೆ, ನೋಡುವ ಅಗತ್ಯವೇ ಇಲ್ಲದೆ,
ಚೆಂಡನ್ನು ಮೂಲೆಗೆ ಎಸೆದಳು.
ಅದು ಕಿಟಕಿಕಟ್ಟೆಯ ಥರ್ಮಾಸಿಗೆ ಬಡಿದು
ಟೀಚರ ಚಹಾ ಗೋಡೆಯುದ್ದಕ್ಕೂ ಇಳಿಯಿತು.

ಯಾರೂ ಬಯ್ಯಲಿಲ್ಲ.
ಯೊವಿತಾ ತನ್ನ ಕೈಯನ್ನೇ ನೋಡಿಕೊಂಡಳು,
ಕತ್ತಲಲ್ಲಿ ಇನ್ನೊಂದು ಮೆಟ್ಟಿಲಿದೆಯೆಂದು
ಕಾಲಿಟ್ಟು ಮುಗ್ಗರಿಸಿದವಳ ಹಾಗೆ.

ಮರಳಿ ಹೋಗಿ ನಿಂತೆ.
ಕೊನೆಯ ನಿಮಿಷ, ಒಂದು ಅಂಕ ಹಿಂದಿದ್ದೆವು,
ಚೆಂಡು ಬಂತು. ಹಾಕಿದೆ. ಚೆನ್ನಾಗಿಯೇ ಹಾಕಿದೆ.
ಕಂಬಿಗೆ ಬಡಿದು ಆಚೆ ಬದಿಗೆ ಹಾರಿತು.
ವೈದಿಲೆ ಆಗಲೇ ಅಲ್ಲಿದ್ದಳು.
ಎಡಮೂಲೆಯ ನನ್ನ ತಪ್ಪು ಬೀಳುವುದು ಬಲಕ್ಕೆ,
ನನಗಿಂತ ಮೊದಲೇ ಅವಳಿಗೆ ಗೊತ್ತು.
ನನ್ನ ತಪ್ಪಿಗೂ ಒಂದು ವಿಳಾಸವಿತ್ತು.

ಮಗಳು ಬೆಂಚಿನ ಮೇಲೆ ನನ್ನ ಕೋಟು ಹೊದ್ದು ಮಲಗಿದ್ದಳು,
ಗೆದ್ದದ್ದನ್ನು ನೋಡಲಿಲ್ಲ.
ಎತ್ತಿಕೊಂಡು ಸೇತುವೆ ದಾಟುವಾಗ
ನಿದ್ದೆಗಣ್ಣಿನಲ್ಲೇ, "ನೀನು ಎಷ್ಟು ಹಾಕಿದೆ?"
"ಮೂರು" ಅಂದೆ. ಅದು ನಿಜ.
ಉಳಿದದ್ದನ್ನು ಹೇಳಲು ಸೇತುವೆ ಸಾಲದು.

ಸೋಮವಾರ ಜವಾನ ನೆಲ ಒರೆಸಿದ್ದ.
ಗೀಟಿಲ್ಲ.
ಬಾಗಿಲ ಸಂದಿಯಿಂದ ಗಾಳಿ ಎಲ್ಲಿ ಕೊರೆಯುತ್ತದೋ
ಅಲ್ಲಿ ಹೋಗಿ ನಿಂತೆ.